ಮಹಾಮಾರಿಯ ಕಾಲದಲ್ಲಿ ಬ್ಯಾಂಕುಗಳ ಸ್ಥೈರ್ಯ

ಸಾಂಕ್ರಾಮಿಕ ರೋಗವು ಪ್ರಬಲಿಸಿ ವ್ಯಾಪಾರವು ನಿಂತಾಗ ಸಾಲಗಾರರು ಹಣವನ್ನು ಹಿಂದಿರುಗಿಸಲಾರರು. ಠೇವಣಿದಾರರೋ ತಮ್ಮ ಹಣವನ್ನು ಕೇಳದಿರಲಾರರು. ಈ ಎರಡು ಒತ್ತಡಗಳ ನಡುವೆ ಬ್ಯಾಂಕು ಸ್ಥಿರವಾಗಿ ನಿಲ್ಲುವುದು ಹೇಗೆಂಬುದಕ್ಕೆ ಭರತಖಂಡದ ಎರಡು ಮಹಾಮಾರಿಗಳ ಚರಿತ್ರೆಯು ಸಮಾನವಾದ ಉತ್ತರವನ್ನು ಸೂಚಿಸುತ್ತದೆ.

1918ನೆಯ ಇಸವಿಯ ಇನ್‌ಫ್ಲುಯೆಂಜಾ ಜ್ವರಕ್ಕೆ ಈ ದೇಶದಲ್ಲಿ ಒಂದು ಕೋಟಿಗೂ ಮಿಕ್ಕ ಜನರು ಬಲಿಯಾದರು. ಅದೇ ವರ್ಷ ಮಳೆಯೂ ತಪ್ಪಿತು. ಆಪತ್ತಿನಲ್ಲಿ ನೆರವಾಗತಕ್ಕ ಕೇಂದ್ರ ಬ್ಯಾಂಕು ಆಗ ಇರಲಿಲ್ಲ. ರಿಸರ್ವ್ ಬ್ಯಾಂಕು ಸ್ಥಾಪಿತವಾದುದು 1935ರಲ್ಲಿ. ಹೀಗಿದ್ದರೂ ಆ ವರ್ಷ ದಿವಾಳಿಯಾದ ಬ್ಯಾಂಕುಗಳು 7 ಮಾತ್ರ. ಈ ಜ್ವರದ ಸುಳಿವೇ ಇಲ್ಲದ 1914ರಲ್ಲಾದರೋ 42 ಬ್ಯಾಂಕುಗಳು ಬಿದ್ದಿದ್ದುವು. ಅದಕ್ಕೆ ಹಿಂದಿನ ವರ್ಷವೇ ಲಾಹೋರಿನ ಪೀಪಲ್ಸ್ ಬ್ಯಾಂಕೂ ಮುಂಬಯಿಯ ಇಂಡಿಯನ್ ಸ್ಪೀಸಿ ಬ್ಯಾಂಕೂ ಬಾಗಿಲು ಮುಚ್ಚಿದ್ದುವು. ಅಲ್ಪ ಬಂಡವಳದ ಮೇಲೆ ಅಧಿಕ ಠೇವಣಿಗಳನ್ನು ಪಡೆದುದು, ನಗದನ್ನು ಸಾಕಷ್ಟು ಇರಿಸಿಕೊಳ್ಳದಿದ್ದುದು, ಬೆಳ್ಳಿಯ ಸಟ್ಟಾ ವ್ಯಾಪಾರ, ಇವೇ ಆ ಕಾಲದ ಪತನಗಳಿಗೆ ಕಾರಣಗಳು. ಆದುದರಿಂದ ಜ್ವರವು ಬರುವ ಮೊದಲೇ ದುರ್ಬಲವಾದವುಗಳಲ್ಲಿ ಬಹುಪಾಲು ಉರುಳಿಹೋಗಿದ್ದುವು. ಯುದ್ಧಕಾಲದ ವ್ಯಾಪಾರದ ಲಾಭವು ಉಳಿದವುಗಳಿಗೆ ಆಸರೆಯಾಯಿತೆಂಬುದನ್ನೂ ಮರೆಯತಕ್ಕುದಲ್ಲ.

2020ರ ಕೋವಿಡ್ ಮಾರಿಯ ಕಾಲಕ್ಕೆ ಸ್ಥಿತಿಯು ಬದಲಾಗಿದ್ದಿತು. ಮಾರ್ಚಿ 27ರಂದು ರಿಸರ್ವ್ ಬ್ಯಾಂಕು, ಬ್ಯಾಂಕುಗಳು ತನ್ನಲ್ಲಿ ಕಡ್ಡಾಯವಾಗಿ ಇರಿಸಬೇಕಾದ ನಗದನ್ನು ಶೇಕಡ 4ರಿಂದ 3ಕ್ಕೆ ಇಳಿಸಿತು. ಸಾಲದ ಕಂತುಗಳಿಗೆ ಮೂರು ತಿಂಗಳ ಅವಕಾಶವನ್ನಿತ್ತು, ಬಳಿಕ ಅದನ್ನು ಆಗಸ್ಟ್ 31ರ ವರೆಗೆ ಬೆಳೆಸಿತು. ಏಪ್ರಿಲ್ 17ರಂದು ಷೇರುದಾರರಿಗೆ ಲಾಭಾಂಶವನ್ನು ಹಂಚಕೂಡದೆಂದು ವಿಧಿಸಿತು. ಮೊದಲಿನ ಕ್ರಮಗಳು ಕಾಲಾವಕಾಶವನ್ನು ಒದಗಿಸಿದುವು. ಕೊನೆಯದು ಬಂಡವಳವನ್ನು ರಕ್ಷಿಸಿತು. ವಸೂಲಾಗದ ಸಾಲವು 2021ರ ಮಾರ್ಚಿಯ ವೇಳೆಗೆ ಶೇಕಡ 12.5ಕ್ಕೆ ಏರಬಹುದೆಂದು ರಿಸರ್ವ್ ಬ್ಯಾಂಕು ಅಂದಾಜು ಮಾಡಿದ್ದಿತು. ಅದು ಸುಮಾರು 7.5ರಲ್ಲಿ ನಿಂತಿತು. ಅಪಾಯಕ್ಕೆ ತಕ್ಕಂತೆ ಎಣಿಸಿದ ಆಸ್ತಿಗೆ ಬಂಡವಳದ ಪ್ರಮಾಣವು ಅದೇ ವರ್ಷದಲ್ಲಿ ಶೇಕಡ 14.8ರಿಂದ 16ಕ್ಕೆ ಏರಿತು.

ಆದರೆ ಅವಕಾಶವೆಂಬುದು ಮನ್ನಾ ಅಲ್ಲ. ಕಂತು ನಿಂತರೂ ಬಡ್ಡಿಯು ಬೆಳೆಯುತ್ತಿದ್ದಿತು. ಆ ಅವಧಿಗೆ ಬಡ್ಡಿಯ ಮೇಲೆ ಬಡ್ಡಿಯನ್ನು ವಿಧಿಸಕೂಡದೆಂದು ಸುಪ್ರೀಂ ಕೋರ್ಟು 2021ರ ಮಾರ್ಚಿ 23ರಂದು ತೀರ್ಪಿತ್ತಿತು. ಬ್ಯಾಂಕಿನ ಸ್ಥೈರ್ಯವು ಸಾಲಗಾರನನ್ನು ಹಿಂಡಿ ಪಡೆಯತಕ್ಕುದೂ ಅಲ್ಲ, ಆಪತ್ತಿನ ದಿನದಂದೇ ಗಳಿಸತಕ್ಕುದೂ ಅಲ್ಲ. ಸುಭಿಕ್ಷದಲ್ಲಿ ಕೂಡಿಟ್ಟ ಬಂಡವಳವೇ ಅದರ ಮೂಲವೆಂಬುದು ಈ ಎರಡು ಕಾಲಗಳಿಂದಲೂ ವಿದಿತವಾಗುತ್ತದೆ.