ಹಳೆ ಮನೆ ಸರಣಿ, ಭಾಗ 3: ಹಂಡೆ ಒಲೆ ಮತ್ತು ತೊಟ್ಟೆ

(1/3)
ಫೋಟೋದಲ್ಲಿರುವುದು ಹಳೆ ಮನೆಯ ಬಚ್ಚಲಿನ ತಾಮ್ರದ ಹಂಡೆ. ಅಡಿಯಲ್ಲಿ ಒಲೆ, ಪಕ್ಕದಲ್ಲಿ ಗೆರಟೆ ರಾಶಿ. ಸ್ನಾನದ ನೀರು ಕಾಯಿಸುವ ಪಾತ್ರೆ ಅಂತ ಎಲ್ಲರಿಗೂ ಗೊತ್ತುಂಟು. ಆದರೆ ಮನೆಯ ಅರ್ಧ ಕಸ ಮುಗಿಯುತ್ತಿದ್ದದ್ದೂ ಇಲ್ಲಿಯೇ.

ಒಂದು ತೆಂಗಿನ ಮರದ ಲೆಕ್ಕ ಹಾಕುವ. ಮಡಲು ಬಿದ್ದರೆ ಗರಿ ಸೀಳಿ ಕಡ್ಡಿ ತೆಗೆದು ಹಿಡಿಸೂಡಿ. ಉಳಿದ ಗರಿ, ಕೊತ್ತಳಿಗೆ, ಸಿಪ್ಪೆ, ಗೆರಟೆ ಎಲ್ಲ ಹಂಡೆ ಒಲೆಗೆ. ಒಲೆಯ ಬೂದಿಯಲ್ಲಿ ಪಾತ್ರೆ ತಿಕ್ಕುವುದು, ಮಿಕ್ಕಿದ್ದು ಬಸಳೆ ಬುಡಕ್ಕೆ. ಬಚ್ಚಲಿನ ನೀರು ಹರಿದು ಹೋಗಿ ಅದೇ ತೆಂಗಿನ ಬುಡಕ್ಕೆ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ದನಕ್ಕೆ. ನಮ್ಮ ಕಾಸ್ಟ್ ಅಕೌಂಟಿಂಗ್‌ನಲ್ಲಿ ಬೈ-ಪ್ರಾಡಕ್ಟ್ ಅಂತ ಒಂದು ಅಧ್ಯಾಯ ಬರ್ತದೆ ಅಲ್ವಾ, ಈ ಮನೆಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಬೈ-ಪ್ರಾಡಕ್ಟ್. ಸ್ಕ್ರ್ಯಾಪ್ ಅಂತ ಬರೆಯಲಿಕ್ಕೆ ಏನೂ ಉಳಿಯುತ್ತಿರಲಿಲ್ಲ.

ಮಾಡಿನ ಹಂಚು ಕೂಡ ಹಾಗೆಯೇ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದ ಕತೆ ಮೊದಲ ಭಾಗದಲ್ಲಿ ಹೇಳಿದ್ದೆ. ಮನೆ ಕೆಡವಿದರೂ ಹಂಚು ಇಳಿಸಿ ಇನ್ನೊಂದು ಮನೆಗೆ ಹೊದಿಸಬಹುದು. (ಆ ಹಂಚು ಸುಡಲಿಕ್ಕೆ ಎಷ್ಟು ಕಾಡು ಹೋಗಿರಬಹುದು ಅನ್ನುವುದು ಬೇರೆ ವಿಷಯ.)

(2/3)
ಹಾಗಂತ ಆ ಕಾಲದವರೆಲ್ಲ ದೊಡ್ಡ ಪರಿಸರಪ್ರೇಮಿಗಳು, ನಾವು ಮಾತ್ರ ಹಾಳಾದವರು ಅಂತ ಹೇಳುವವರ ಮಾತು ನನಗೆ ಒಪ್ಪಿಗೆ ಇಲ್ಲ. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಹಂಡೆಗೆ ಬಾವಿಯಿಂದ ನೀರು ಸೇದಿ ತುಂಬಿಸಿ, ಮಳೆಗಾಲದಲ್ಲಿ ಒದ್ದೆ ಸಿಪ್ಪೆಗೆ ಬೆಂಕಿ ಹಿಡಿಸಿ ಹೊಗೆ ಕುಡಿದವರು ಯಾರು? ಮನೆಯ ಹೆಂಗಸರು. ನನ್ನ ಅಜ್ಜಿಯ ಹತ್ತಿರ ಹಂಡೆಯ ನೆನಪು ಕೇಳಿದರೆ, "ಗೀಸರ್ ಬಂದದ್ದೇ ಪುಣ್ಯ ಮಾರಾಯ್ತಿ" ಅಂತಾರೆ. ಹಂಡೆಯನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಚಂದ ಅನ್ನುವವರು ನಾವು ಮಾತ್ರ.

ಆ ವ್ಯವಸ್ಥೆ ನಡೆದದ್ದಕ್ಕೆ ಕಾರಣ ಸರಳ. ಮನೆಯೊಳಗೆ ಬರುವುದೇ ಕೊಳೆಯುವ ಅಥವಾ ಉರಿಯುವ ವಸ್ತು. ಮಲ್ಲಿಗೆ ಇವತ್ತಿಗೂ ಬಾಳೆ ನಾರಲ್ಲಿ ಕಟ್ಟಿ, ಬಾಳೆ ಎಲೆಯಲ್ಲಿ ಸುತ್ತಿ ಬರ್ತದೆ ನೋಡಿ, ಆಗ ಹೆಚ್ಚಿನ ಸಾಮಾನು ಬರುತ್ತಿದ್ದದ್ದೇ ಹಾಗೆ. ಹಾಲು ಚೊಂಬಿನಲ್ಲಿ, ಎಣ್ಣೆ ಬಾಟ್ಲಿಯಲ್ಲಿ.

ಆಮೇಲೆ ತೊಟ್ಟೆ ಬಂತು. ಹಾಲಿನ ತೊಟ್ಟೆ, ಮೀನಿನ ತೊಟ್ಟೆ, ಚಿಪ್ಸಿನ ತೊಟ್ಟೆ. ಜನ ಅಭ್ಯಾಸದಂತೆ ಅದನ್ನೂ ಹಂಡೆ ಒಲೆಗೇ ಹಾಕಿದರು. ಹಂಡೆ ಇರುವ ಎಷ್ಟೋ ಮನೆಗಳಲ್ಲಿ ಇವತ್ತೂ ಬೆಂಕಿ ಹಿಡಿಸುವುದು ಹಾಲಿನ ತೊಟ್ಟೆಯಿಂದಲೇ. ವಿಷದ ಹೊಗೆ ಒಂದು ಕಡೆ. ಆ ಬೂದಿಯನ್ನು ಮತ್ತೆ ಪಾತ್ರೆಗೆ ಮುಟ್ಟಿಸಲಿಕ್ಕಿಲ್ಲ, ಬಸಳೆಗೂ ಹಾಕಲಿಕ್ಕಿಲ್ಲ. ಒಂದು ತೊಟ್ಟೆ ಸೇರಿದ್ದಕ್ಕೆ ಇಡೀ ಸರಪಳಿ ತುಂಡಾಯಿತು.

(3/3)
ಫ್ಲ್ಯಾಟ್ ಬಂದ ಮೇಲೆ ಹಂಡೆ ಇಲ್ಲ, ದನ ಇಲ್ಲ, ತೆಂಗಿನ ಬುಡವೂ ಇಲ್ಲ. ಅನ್ನ, ಸಿಪ್ಪೆ, ಗೆರಟೆ, ಮೀನಿನ ತಲೆ ಎಲ್ಲ ಒಂದೇ ತೊಟ್ಟೆಯಲ್ಲಿ ಗಂಟು ಹಾಕಿ ಪಾಲಿಕೆಯ ಗಾಡಿಗೆ. ಗಾಡಿ ಹೋಗುವುದು ಪಚ್ಚನಾಡಿಗೆ.

2019ರ ಆಗಸ್ಟ್ ನೆನಪು ಉಂಟಾ? ನಾವೆಲ್ಲ ಆಗ ಶಾಲೆಯಲ್ಲಿದ್ದೆವು, ಮಳೆಗೆ ರಜೆ ಸಿಕ್ಕಿದ ಖುಷಿಯಲ್ಲಿ. ಅದೇ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜಾರಿ ಕೆಳಗಿನ ಮಂದಾರಕ್ಕೆ ಇಳಿಯಿತು. ಮಣ್ಣು ಕುಸಿಯುವುದನ್ನು ನೋಡಿದ ಊರು ನಮ್ಮದು, ಕಸ ಕುಸಿದದ್ದನ್ನು ನೋಡಿರಲಿಲ್ಲ. ಅಡಿಕೆ ತೋಟ, ತೆಂಗಿನ ತೋಟ ಮುಚ್ಚಿ ಹೋಯಿತು. ಬಾವಿ ನೀರು ಕೆಟ್ಟಿತು. ತಲೆಮಾರುಗಳಿಂದ ಅಲ್ಲಿದ್ದ ಕುಟುಂಬಗಳು ಮನೆ ಬಿಟ್ಟು ಫ್ಲ್ಯಾಟಿಗೆ ಹೋಗಬೇಕಾಯಿತು. ಅಂದರೆ ಮಡಲು, ಗೆರಟೆ, ಬೂದಿಯ ಲೆಕ್ಕ ಇನ್ನೂ ಸರಿಯಾಗಿ ಇಟ್ಟುಕೊಂಡಿದ್ದ ಮನೆಗಳ ಮೇಲೆಯೇ ನಮ್ಮ ತೊಟ್ಟೆಗಳು ಹೋಗಿ ಬಿದ್ದವು.

ಹಸಿ ಕಸ, ಒಣ ಕಸ ಮನೆಯಲ್ಲೇ ಬೇರೆ ಮಾಡಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತು. ಅದೇ ವರ್ಷ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲವನ್ನೂ ನಿಷೇಧಿಸಿತ್ತು. ಮೀನು ಮಾರ್ಕೆಟ್ಟಿಗೆ ಒಮ್ಮೆ ಹೋಗಿ ಬನ್ನಿ, ನಿಷೇಧ ಎಷ್ಟು ಉಂಟು ಅಂತ ಗೊತ್ತಾಗ್ತದೆ.

ಫ್ಲ್ಯಾಟಿನವರಿಗೆ ಹಂಡೆಯ ಜಾಗದಲ್ಲಿ ಈಗ ಇರುವುದು ಮಡಕೆ. ಇಲ್ಲಿಯ ರಾಮಕೃಷ್ಣ ಮಿಷನ್‌ನವರು ಸ್ವಚ್ಛ ಮಂಗಳೂರು ಅಭಿಯಾನದಲ್ಲಿ ಮಡಕೆ ಗೊಬ್ಬರವನ್ನು ಮನೆಮನೆಗೆ ಹೇಳಿಕೊಟ್ಟರು. ತೂತು ಇರುವ ಮಣ್ಣಿನ ಮಡಕೆ, ಹಸಿ ಕಸದ ಮೇಲೆ ಪ್ರತಿ ಸಲ ಒಂದು ಹಿಡಿ ಒಣ ಎಲೆ ಅಥವಾ ತೆಂಗಿನ ನಾರಿನ ಹುಡಿ, ನಡುನಡುವೆ ಒಂದು ಕೋಲಿನಿಂದ ಕೆದಕುವುದು. ಒಂದೂವರೆ ಎರಡು ತಿಂಗಳಿಗೆ ಗೊಬ್ಬರ. ವಾಸನೆ ಬಂದರೆ ನೀರಂಶ ಜಾಸ್ತಿ ಆಗಿದೆ ಅಂತ ಲೆಕ್ಕ, ಇನ್ನೆರಡು ಹಿಡಿ ಒಣ ಎಲೆ ಹಾಕಿ. ಗೆರಟೆ ಮಾತ್ರ ಹಾಕಬೇಡಿ, ಅದು ನೀವು ಡಿಗ್ರಿ ಮುಗಿಸಿದರೂ ಕೊಳೆಯುವುದಿಲ್ಲ. ಹಾಲಿನ ತೊಟ್ಟೆ ತೊಳೆದು ಒಣಗಿಸಿ ಒಣ ಕಸದ ಜೊತೆ ಕೊಡಿ. ಮತ್ತೆ, ಈ ಕೆದಕುವ ಕೆಲಸವೂ ಅಮ್ಮನ ಪಾಲಿಗೆ ಬೀಳದ ಹಾಗೆ ನೋಡಿಕೊಳ್ಳಿ.

ಭಾಗ 4ರಲ್ಲಿ ಬಾವಿ. 2019ರ ಬೇಸಗೆಯಲ್ಲಿ ತುಂಬೆ ಡ್ಯಾಮಿನ ನೀರು ಕಡಿಮೆಯಾಗಿ ನಳ್ಳಿಗೆ ರೇಷನ್ ಆದಾಗ, ಯಾರ ಕಂಪೌಂಡಿನ ಮುಚ್ಚಿದ ಬಾವಿಯ ಚಪ್ಪಡಿ ಎತ್ತಿದರು ಅನ್ನುವ ಕತೆ.

#ಕುಡ್ಲ #ಹಳೆಮನೆ #ಮಂದಾರ