ಬಿಟ್ಟದ್ದು ಯಾರು?

ಶರಾವತಿ ಹಿನ್ನೀರಿನ ಸಿಗಂದೂರಿನ ಕಡೆ ‘ಬಿಡು’ ಎಂಬ ಮಾತಿಗೆ ಬಿಡುವೇ ಇಲ್ಲ. ಲಾಂಚ್ ಬಿಡ್ತು, ಡ್ಯಾಮಿನ ನೀರು ಬಿಟ್ರು, ತೋಟದಲ್ಲಿ ಹಿಂಗಾರ ಬಿಡ್ತು, ಮಳೆ ಬಿಡ್ತಾನೇ ಇಲ್ಲ, ಶಾಲೆ ಬಿಡ್ತು. ಮಲೆನಾಡಿನ ಶಾಲೆಗಳಲ್ಲಿ ಸೀಮೆಸುಣ್ಣ ಹಿಡಿದು, ಆಮೇಲೆ ಮುಖ್ಯೋಪಾಧ್ಯಾಯರ ಕುರ್ಚಿಯಲ್ಲೂ ಕೂತು, ಮನೆಯಲ್ಲಿ ಅಪ್ಪನೂ ಆದ ನನಗೆ, ಈ ಒಂದು ಕ್ರಿಯಾಪದವನ್ನು ಸರಿಯಾಗಿ ಬಳಸುವುದೇ ಅರ್ಧ ಕಸುಬು ಅನ್ನಿಸಿದೆ.

‘ಶಾಲೆ ಬಿಟ್ಟಿತು’ ಅಂದರೆ ಸಂಜೆಯ ಗಂಟೆ ಹೊಡೆಯಿತು. ‘ಹುಡುಗ ಶಾಲೆ ಬಿಟ್ಟ’ ಅಂದರೆ ನಾಳೆಯಿಂದ ಬರುವುದಿಲ್ಲ. ಮೊದಲನೆಯದು ಊರಿಗೆಲ್ಲ ಕೇಳಿಸುತ್ತದೆ, ಎರಡನೆಯದು ಹಾಜರಿ ಪುಸ್ತಕದಲ್ಲಿ ಮಾತ್ರ ಕಾಣಿಸುತ್ತದೆ. ಎರಡನೆಯ ವಾಕ್ಯದ ವ್ಯಾಕರಣವನ್ನು ಸ್ವಲ್ಪ ನೋಡಿ. ಕರ್ತೃ ಹುಡುಗ, ಕರ್ಮ ಶಾಲೆ. ತಪ್ಪೆಲ್ಲ ಹುಡುಗನದೇ ಎಂದು ವಾಕ್ಯವೇ ತೀರ್ಪು ಕೊಟ್ಟಾಯಿತು.

ಈ ಸೀಮೆಯ ಚರಿತ್ರೆ ಬೇರೆಯೇ ಹೇಳುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ನಿಂತಾಗ ಜನ ‘ಊರು ಬಿಟ್ಟರು’ ಎನ್ನುತ್ತೇವೆ. ಅವರು ಬಿಟ್ಟದ್ದಲ್ಲ, ಬಿಡಿಸಿದ್ದು. ಮುಳುಗದೆ ಉಳಿದ ಕರೂರು, ಬಾರಂಗಿ ಹೋಬಳಿಗಳ ಊರುಗಳಿಗೂ ಸಾಗರ ಪೇಟೆಗೂ ನಡುವೆ ನೀರು ಬಂತು. ಸಾಗರದ ಕಾಲೇಜಿಗೆ ಹೋಗಬೇಕೆಂದರೆ ಹೊಳೆಬಾಗಿಲಿನ ಲಾಂಚ್ ಹತ್ತಬೇಕಿತ್ತು, ಸಂಜೆ ಕೊನೆಯ ಲಾಂಚ್ ಬಿಡುವುದರೊಳಗೆ ವಾಪಸು ಬಂದಿರಬೇಕಿತ್ತು. ಬೇಸಿಗೆಯಲ್ಲಿ ನೀರು ತೀರ ಇಳಿದರೆ ಲಾಂಚಿಗೆ ವಾಹನ ಹತ್ತಿಸುತ್ತಿರಲಿಲ್ಲ. ಇಷ್ಟರ ನಡುವೆ ಓದು ನಿಲ್ಲಿಸಿದ ಹುಡುಗಿಯ ವಿಷಯದಲ್ಲಿ ಕರ್ತೃ ಯಾರು?

ಕಾದಂಬರಿಕಾರ ನಾ. ಡಿಸೋಜ ಶರಾವತಿ ಯೋಜನೆಯ ಕಚೇರಿಯಲ್ಲಿ ಕೆಲಸ ಮಾಡುತ್ತಲೇ ಈ ಮುಳುಗಡೆಯನ್ನು ಕಂಡವರು. ದೊಡ್ಡವರಿಗಷ್ಟೇ ಬರೆದು ಸುಮ್ಮನಾಗಲಿಲ್ಲ. ಅವರ ಮಕ್ಕಳ ಕಾದಂಬರಿ ‘ಮುಳುಗಡೆಯ ಊರಿಗೆ ಬಂದವರು’ 2011ರ ಬಾಲ ಸಾಹಿತ್ಯ ಪುರಸ್ಕಾರ ಪಡೆಯಿತು. ಊರು ಬಿಡಿಸಿದ ಕತೆ ಮಕ್ಕಳಿಗೂ ಗೊತ್ತಿರಬೇಕು ಎಂದು ನಂಬಿದ ಲೇಖಕ ನಮ್ಮ ಪಾಲಿಗೆ ದೊಡ್ಡ ಮೇಷ್ಟ್ರು.

‘ಬಿಡಿಸು’ವಿಗೆ ತರಗತಿಯಲ್ಲಿ ಒಳ್ಳೆಯ ಮುಖವೂ ಇದೆ. ಲೆಕ್ಕ ಬಿಡಿಸು, ಚಿತ್ರ ಬಿಡಿಸು, ಒಗಟು ಬಿಡಿಸು. ಕಗ್ಗಂಟೊಂದು ಅಲ್ಲಿದೆ, ಅದನ್ನು ಮಗುವಿನ ಕೈಯೇ ಸಡಿಲಿಸಬೇಕು ಎಂಬ ಅರ್ಥ ಈ ಮಾತಿನಲ್ಲೇ ಉಂಟು. ಒಮ್ಮೆ ಅಡಿಕೆ ತೂಕದ ಮೇಲೊಂದು ಲೆಕ್ಕ ಕೊಟ್ಟೆ. ಇಷ್ಟು ಕಿಲೋ ಅಡಿಕೆ, ಕಿಲೋಗೆ ಇಷ್ಟು ರೂಪಾಯಿ, ಒಟ್ಟು ಎಷ್ಟು? ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. “ಹಸೀದೋ ಒಣಗಿದ್ದೋ ಸಾರ್?” ಸುಲಿದು, ಬೇಯಿಸಿ, ಒಣಗಿಸಿದ ಮೇಲೆ ಮೂಟೆ ಎಷ್ಟು ಕುಗ್ಗುತ್ತದೆಂದು ಅಂಗಳದಲ್ಲಿ ನೋಡಿದವಳು ಅವಳು. ಆ ದಿನ ಇಡೀ ತರಗತಿ ಅದನ್ನೇ ಚರ್ಚಿಸಿತು. ಬೋರ್ಡಿನ ಮೇಲೆ ನಾನೇ ಗುಣಿಸಿ ಮುಗಿಸಿದ್ದರೆ ಅವರು ಉತ್ತರ ಬರೆದುಕೊಳ್ಳುತ್ತಿದ್ದರು, ಪ್ರಶ್ನೆ ಬರುತ್ತಿರಲಿಲ್ಲ.

ಪಾಲಕರ ಬಾಯಲ್ಲಿ ಇದೇ ಮಾತು ತಿರುಗಿ ನಿಲ್ಲುತ್ತದೆ. ಜೂನ್ ತಿಂಗಳ ಮಳೆಯಲ್ಲಿ ಕೊಡೆ ಮಡಿಸುತ್ತಾ ಬಂದ ಅಪ್ಪ ಹೇಳುತ್ತಾನೆ: “ಇವನ್ನ ನಿಮ್ಮ ಕೈಗೆ ಬಿಟ್ಟಿದೀನಿ ಮೇಷ್ಟ್ರೇ. ಓದಲಿಲ್ಲ ಅಂದ್ರೆ ಬಿಡಬೇಡಿ!” ಮೊದಲ ‘ಬಿಡು’ ನಂಬಿಕೆ, ಎರಡನೆಯದು ಬೆತ್ತಕ್ಕೆ ಕೊಟ್ಟ ಅನುಮತಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣ ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೂ ಆ ಅಪ್ಪನ ಮಾತನ್ನು ನಾನು ತಳ್ಳಿಹಾಕಲಾರೆ. ‘ಬಿಡಬೇಡಿ’ ಎಂಬುದಕ್ಕೆ ‘ಕೈಬಿಡಬೇಡಿ’ ಎಂಬ ಅರ್ಥವೂ ಇದೆಯಲ್ಲ, ಅದನ್ನು ಎತ್ತಿಕೊಳ್ಳುತ್ತೇನೆ.

ಮನೆಯಲ್ಲಿ ಅಮ್ಮಂದಿರು ಹಾಲು ಬಿಡಿಸುವುದರಿಂದಲೇ ಬಿಡುವ ಪಾಠ ಶುರುವಾಗುತ್ತದೆ. ಹಾಲು ಬಿಡಿಸಿದ ತಾಯಿ ಅನ್ನ ಕಲಸಿಕೊಂಡು ಪಕ್ಕದಲ್ಲೇ ಕೂತಿರುತ್ತಾಳೆ. ಮುಖ್ಯೋಪಾಧ್ಯಾಯರ ಕೆಲಸವೂ ಇದೇ. ಹೊಸ ಮೇಡಂ ಮಕ್ಕಳನ್ನು ಹಳ್ಳದ ದಂಡೆಗೆ ಕರೆದುಕೊಂಡು ಹೋಗಿ ಪಾಠ ಮಾಡುತ್ತೇನೆ ಎಂದರೆ ಬಿಡಬೇಕು. ಆದರೆ ಮಳೆ ಹೆಚ್ಚಾಗಿದೆಯೇ, ಜೊತೆಗೆ ಇನ್ನೊಬ್ಬರು ಇದ್ದಾರೆಯೇ ಎಂದು ನೋಡುವ ಹೊಣೆಯನ್ನು ಬಿಡುವಂತಿಲ್ಲ. ಎಲ್ಲದಕ್ಕೂ ತನ್ನ ಸಹಿಯೇ ಬೇಕು ಎನ್ನುವವರು ಒಂದು ಕಡೆ, ‘ಏನಾದ್ರೂ ಮಾಡ್ಕೊಳ್ಳಿ’ ಎನ್ನುವವರು ಇನ್ನೊಂದು ಕಡೆ. ಈ ಇಬ್ಬರಿಂದಲೂ ಶಾಲೆ ಸೊರಗುತ್ತದೆ.

ಕನ್ನಡದ ಸೋಜಿಗ ಇನ್ನೊಂದಿದೆ. ಬಿಡುವುದರಿಂದಲೇ ನೆಲೆಸುವ ಮಾತೂ ಹುಟ್ಟಿದೆ: ಬೀಡು, ಬಿಡಾರ. ಬೀಡು ಬಿಡುವುದು ಎಂದರೆ ತಂಗುವುದು. ಮಗು ಶಾಲೆಯಲ್ಲಿ ನಿಲ್ಲಬೇಕಾದರೂ ಹಾಗೆಯೇ, ಅದನ್ನು ಸ್ವಲ್ಪ ಅದರ ಪಾಡಿಗೆ ಬಿಟ್ಟಿರಬೇಕು.

2025ರ ಜುಲೈ 14ರಂದು, ಲಾಂಚ್ ಓಡಾಡುತ್ತಿದ್ದ ಆ ನೀರಿಗೆ ಅಡ್ಡಲಾಗಿ ಕಟ್ಟಿದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಹಿನ್ನೀರಿನ ಮಕ್ಕಳು ಓದು ನಿಲ್ಲಿಸುವುದಕ್ಕಿದ್ದ ಕಾರಣಗಳಲ್ಲಿ ಒಂದು ಕಳಚಿತು. ಅಡಿಕೆ ಕೊಯ್ಲು, ಬೇಗ ಮದುವೆ, ಇಂಗ್ಲಿಷಿನ ಅಂಜಿಕೆ, ತರಗತಿಯಲ್ಲಾದ ಅವಮಾನ, ಇವು ಯಾವುದಕ್ಕೂ ಸೇತುವೆ ಮದ್ದಲ್ಲ. ವರ್ಗಾವಣೆ ಪತ್ರದಲ್ಲಿ ‘ಶಾಲೆ ಬಿಡಲು ಕಾರಣ’ ಎಂಬ ಕಲಂ ತುಂಬುವ ಮೊದಲು ಮುಖ್ಯೋಪಾಧ್ಯಾಯರು ಹುಡುಗನ ಮನೆಗೆ ಒಂದು ಸಲ ಹೋಗಿ ಬರಲಿ. ಬಿಡಿಸಿದವರ ಸಾಲಿನಲ್ಲಿ ನಮ್ಮದೇ ಹೆಸರಿದ್ದರೆ ಆ ಹುಡುಗನನ್ನು ವಾಪಸು ಕರೆತರುವ ಕೆಲಸವೂ ನಮ್ಮದೇ.