ಉಪ್ಪುನೀರಿನ ಹಳೆಯ ಆಕ್ವೇರಿಯಂ ಅನ್ನು ಹೊಸ ತೊಟ್ಟಿಗೆ ಬದಲಿಸುವುದು: ಆದವಾನಿ ಭಾಗದವರಿಗೆ ಮಾಹಿತಿ

ಆದವಾನಿಯಿಂದ ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಕಡಲು 300 ಕಿಲೋಮೀಟರಿಗಿಂತ ದೂರ. ಇಲ್ಲಿ ಹವಳ, ಕಡಲ ಮೀನು ಸಾಕುವವರಿಗೆ ಏನಾದರೂ ಎಡವಟ್ಟಾದರೆ ಪಕ್ಕದ ಬೀದಿಯಲ್ಲಿ ಅಂಗಡಿ ಸಿಗುವುದಿಲ್ಲ. ವರ್ಷಗಟ್ಟಲೆ ಚೆನ್ನಾಗಿದ್ದ ತೊಟ್ಟಿ ಹಾಳಾಗುವುದು ಹೆಚ್ಚಾಗಿ ಅದನ್ನು ದೊಡ್ಡದಕ್ಕೆ ಬದಲಿಸುವ ದಿನ, ಇಲ್ಲವೇ ಅದರ ಮುಂದಿನ ವಾರ. ಹಾಗಾಗಿ ಮನೆ ಬದಲಿಸುವ, ತೊಟ್ಟಿ ಬದಲಿಸುವ ಸದಸ್ಯರಿಗಾಗಿ ಈ ಬರಹ.

ಮೊದಲು ಒಂದು ಮಾತು ತಿಳಿದಿರಬೇಕು. ನಾವು ಸಾಗಿಸುತ್ತಿರುವುದು ಮೀನುಗಳನ್ನಷ್ಟೇ ಅಲ್ಲ, ಕಲ್ಲಿನಲ್ಲಿ ಕೂತ ಬ್ಯಾಕ್ಟೀರಿಯಾಗಳನ್ನು. ಮೀನಿನ ಮಲಮೂತ್ರದಿಂದ, ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಇವು ನೀರಿನಲ್ಲಿ ತೇಲುವುದು ಬಹಳ ಕಡಿಮೆ. ಕಲ್ಲು, ಮರಳು, ಫಿಲ್ಟರಿಗೆ ಅಂಟಿಕೊಂಡಿರುತ್ತವೆ. ಜಕಾರ್ತಾದ ಲೀ ಚಿನ್ ಎಂಗ್ 1961ರಲ್ಲೇ ಜೀವಂತ ಕಲ್ಲು ಮತ್ತು ಗಾಳಿಗುಳ್ಳೆಗಳನ್ನೇ ನಂಬಿ ಕಡಲ ತೊಟ್ಟಿ ನಡೆಸುವ ವಿಧಾನವನ್ನು ಬರೆದು ತಿಳಿಸಿದ್ದರು. ಆದ್ದರಿಂದ ಹಳೆಯ ನೀರನ್ನೆಲ್ಲ ಕಷ್ಟಪಟ್ಟು ಹೊತ್ತು ತಂದು, ಕಲ್ಲನ್ನು ನಲ್ಲಿಯ ಕೆಳಗೆ ತೊಳೆದು ಒಣಗಿಸಿಟ್ಟರೆ ಕೆಲಸ ಪೂರ್ತಿ ತಲೆಕೆಳಗು.

ತೊಟ್ಟಿ ಇಡುವ ಜಾಗ

4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಗೆ ಸುಮಾರು 255 ಲೀಟರ್ ನೀರು ಹಿಡಿಯುತ್ತದೆ. ಗಾಜು, ಕಲ್ಲು, ಮರಳು, ಸ್ಟ್ಯಾಂಡ್ ಸೇರಿದರೆ ಭಾರ 350 ಕಿಲೋ ದಾಟುತ್ತದೆ. ಹಳೆಯ ಮಣ್ಣಿನ ಮಾಳಿಗೆ ಮನೆಯ ಮೇಲಂತಸ್ತಿನಲ್ಲಿ ಇದನ್ನು ಇಡುವ ಯೋಚನೆ ಬೇಡ. ಕೆಳಮನೆಯಲ್ಲಿ ಕಡಪ ಕಲ್ಲು ಹಾಸಿದ್ದರೂ ಲೆವೆಲ್ ನೋಡಿ. ಚಪ್ಪಡಿಯ ಕೆಳಗೆ ಟೊಳ್ಳಿದ್ದರೆ ತಟ್ಟಿದಾಗ ಸದ್ದಿನಲ್ಲೇ ಗೊತ್ತಾಗುತ್ತದೆ. ಹೊಸ ತೊಟ್ಟಿಗೆ ಸಾದಾ ನೀರು ತುಂಬಿಸಿ ಕನಿಷ್ಠ 2 ದಿನ ಸೋರಿಕೆ ಪರೀಕ್ಷಿಸಿ.

ನೀರು ಮತ್ತು ಉಪ್ಪು

ನಮ್ಮ ಭಾಗದಲ್ಲಿ ಕಷ್ಟವಿರುವುದು ಇಲ್ಲೇ. ಬೋರ್ ನೀರು ಗಡಸು. ತುಂಗಭದ್ರಾ ಕೆಳದಂಡೆ ಕಾಲುವೆಯಿಂದ ಬರುವ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕ್ಯಾನಿನಲ್ಲಿ ಬರುವ ಆರ್‌ಓ ನೀರು ನಮಗೆ ಕುಡಿಯಲು ಚೆನ್ನ, ಹವಳಕ್ಕೆ ಸಾಲದು. ಅದರಲ್ಲಿ ಕರಗಿದ ಲವಣ ಉಳಿದೇ ಇರುತ್ತದೆ. ಟಿಡಿಎಸ್ ಮೀಟರ್ ಒಂದನ್ನು ಕೊಳ್ಳಿ, ಮನೆಯ ಆರ್‌ಓ ನಂತರ ಡಿಐ ರೆಸಿನ್ ಜೋಡಿಸಿ, ಮೀಟರ್ 0 ತೋರಿಸಿದ ನೀರನ್ನೇ ಬಳಸಿ. ನೀರು ಸಂಗ್ರಹಿಸಲು ವಾರ ಹಿಡಿದರೂ ಸರಿ.

ಲೀಟರಿಗೆ ಸುಮಾರು 36ರಿಂದ 38 ಗ್ರಾಂ ಕಡಲ ಉಪ್ಪಿನ ಮಿಶ್ರಣ ಬೇಕು, ಅಂದರೆ ಮೇಲೆ ಹೇಳಿದ ತೊಟ್ಟಿಗೆ 9 ಕಿಲೋ ಆಸುಪಾಸು. ಅಡುಗೆ ಉಪ್ಪು ನಡೆಯುವುದಿಲ್ಲ. ಅದರಲ್ಲಿ ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲ. ಹಿಂದಿನ ದಿನವೇ ಕಲಸಿ, ಪಂಪ್ ಹಾಕಿ 24 ಗಂಟೆ ತಿರುಗಲು ಬಿಡಿ. ಲವಣಾಂಶ ಸಾವಿರಕ್ಕೆ 35, ಉಷ್ಣತೆ 25ರಿಂದ 26 ಡಿಗ್ರಿ ಇರಲಿ. ಅನೇಕರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಹಳೆಯ ತೊಟ್ಟಿಯ ಕ್ಷಾರೀಯತೆ 8 ಡಿಕೆಎಚ್ ಇದ್ದು, ಹೊಸ ಉಪ್ಪಿನದು 11 ಇದ್ದರೆ ಹವಳದ ತುದಿ ಸುಟ್ಟಂತಾಗುತ್ತದೆ. ಎರಡನ್ನೂ ಅಳೆದು, ವ್ಯತ್ಯಾಸ 1ರೊಳಗೆ ತನ್ನಿ.

ಇದು ಹತ್ತಿಯ ಸೀಮೆ. ಹೊಲಕ್ಕೆ ಔಷಧಿ ಹೊಡೆದ ಕೈ, ಮೈಲುತುತ್ತ ಕಲಸಿದ ಬಕೆಟ್ ಈ ಕೆಲಸದ ಹತ್ತಿರ ಬರಕೂಡದು. ಕೀಟನಾಶಕಕ್ಕೆ ಮೊದಲು ಸಾಯುವುದು ಸೀಗಡಿ. ತಾಮ್ರ ಸೀಗಡಿಗೂ ಹವಳಕ್ಕೂ ವಿಷ. ಹೊಸ ಬಕೆಟ್ ಕೊಂಡರೆ ದೊಡ್ಡ ಖರ್ಚೇನಲ್ಲ.

ಬದಲಿಸುವ ದಿನ

ಸಾಧ್ಯವಾದರೆ ಡಿಸೆಂಬರ್, ಜನವರಿಯಲ್ಲಿ ಮಾಡಿ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿರುವಾಗ ಬಕೆಟ್ಟಿನ ನೀರು ಬೇಗ ಕಾಯುತ್ತದೆ, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಬೆಳಗಿನ ತಂಪಿನಲ್ಲೇ ಶುರು ಮಾಡಿ. ಹಿಂದಿನ ದಿನ ಆಹಾರ ಹಾಕಬೇಡಿ. ಕರೆಂಟ್ ಹೋದರೆಂದು ಬ್ಯಾಟರಿಯ ಏರ್ ಪಂಪ್ ಕೈಗೆಟಕುವಲ್ಲಿರಲಿ.

ಏನನ್ನೂ ಕದಡುವ ಮುಂಚೆ ತಿಳಿನೀರನ್ನು ಪೈಪಿನಿಂದ ಬಕೆಟ್ಟುಗಳಿಗೆ ತೆಗೆಯಿರಿ. ಹವಳಗಳನ್ನು ಆ ನೀರಿಗೆ ಇಳಿಸಿ. ಆಮೇಲೆ ಕಲ್ಲು: ಹಳೆಯ ನೀರಿನಲ್ಲೇ ಅಲ್ಲಾಡಿಸಿ ಕೊಳೆ ಉದುರಿಸಿ, ಮುಳುಗಿಸಿಯೇ ಇಡಿ. ನೀರು ಗೇಣುದ್ದಕ್ಕೆ ಇಳಿದಾಗ ಅಡಗಲು ಜಾಗವಿಲ್ಲದ ಮೀನುಗಳು ಸುಲಭವಾಗಿ ಸಿಗುತ್ತವೆ; ಕಲ್ಲಿರುವಾಗ ಬಲೆ ಹಿಡಿದು ಅಟ್ಟಾಡಿಸುವುದು ಬರೀ ಹಿಂಸೆ. ಬಕೆಟ್ಟಿಗೆ ಮುಚ್ಚಳವಿರಲಿ, ಹೆದರಿದ ಮೀನು ಹಾರುತ್ತದೆ. ಜೊವಾಂತಿಡ್ ಎಂಬ ಗುಂಡಿಯಾಕಾರದ ಜೀವಿ ಕಲ್ಲಿನ ಮೇಲಿದ್ದರೆ ಕೈಗವಸು, ಕನ್ನಡಕ ಕಡ್ಡಾಯ. ಅವುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಆ ಕಲ್ಲನ್ನು ಉಜ್ಜುವುದಾಗಲಿ ಬಿಸಿನೀರಿನಲ್ಲಿ ಕುದಿಸುವುದಾಗಲಿ ಸರ್ವಥಾ ಬೇಡ. ಆವಿ ಉಸಿರಾಡಿದ ಮನೆಯವರೇ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ನಡೆದಿವೆ.

ಇನ್ನು ಮರಳು. ನನ್ನ ಸಲಹೆ, ಹಳೆಯದನ್ನು ಬಿಟ್ಟುಬಿಡಿ. ತಳದಲ್ಲಿ ವರ್ಷಗಳ ಕೊಳೆ ಗಾಳಿಯಿಲ್ಲದೆ ಕೂತಿರುತ್ತದೆ. ಕದಡಿದರೆ ಅಮೋನಿಯಾ ಬಿಡುತ್ತದೆ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ಹೊಸ ಮರಳನ್ನು ತೊಳೆದು ಹಾಕಿ, ಬೀಜಕ್ಕೆಂದು ಹಳೆಯದರ ಮೇಲ್ಪದರದಿಂದ ಒಂದು ಲೋಟ ಸಾಕು. ಖರ್ಚು ಉಳಿಸಲು ಹಳೆಯ ಮರಳನ್ನೇ ಸುರಿದು ಮೀನು ಕಳೆದುಕೊಂಡವರ ಸಾಲಿನಲ್ಲಿ ನಾನೂ ಇದ್ದೇನೆ.

ಹೊಸ ತೊಟ್ಟಿಯಲ್ಲಿ ಮೊದಲು ಕಲ್ಲು ಗಾಜಿನ ತಳದ ಮೇಲೆ ಭದ್ರವಾಗಿ ಕೂರಲಿ, ಸುತ್ತ ಮರಳು, ನಂತರ ನೀರು. ನೀರು ತಿಳಿಯಾದ ಮೇಲೆ ಹವಳ, ಕೊನೆಗೆ ಮೀನು.

ಜಾಗ ಹೆಚ್ಚಾಯಿತೆಂದು ಹೊಸ ಹವಳ ತರುವ ಮುನ್ನ

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಅನುಸೂಚಿಯಲ್ಲಿ ಕಲ್ಲುಹವಳ, ಕರಿಹವಳ, ಕಡಲ ಬೀಸಣಿಗೆ, ಕಡಲಕುದುರೆ ಸೇರಿವೆ. ನಮ್ಮ ಕಡಲಿನಿಂದ ಇವನ್ನು ತೆಗೆಯುವುದು, ಮಾರುವುದು ಅಪರಾಧ. ಒಣಗಿದ ಹವಳದ ತುಂಡೂ ಇದರಲ್ಲಿ ಬರುತ್ತದೆ. ಮುರ್ಡೇಶ್ವರಕ್ಕೆ ಹೋದವರು ನೇತ್ರಾಣಿಯ ಹವಳ ನೋಡಿ ಬರಲಿ, ಕಿತ್ತು ತರುವುದು ಬೇಡ. ವಿದೇಶದಿಂದ ಬಂದ, ನಾಲ್ಕನೆಯ ಅನುಸೂಚಿಯ ಜೀವಿ ನಿಮ್ಮಲ್ಲಿದ್ದರೆ 2024ರ ನಿಯಮಗಳಂತೆ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು, ಬಿಲ್ಲು ಕಾಪಾಡಿಕೊಳ್ಳಿ. ಖಾಲಿ ಜಾಗಕ್ಕೆ ಸೆರಾಮಿಕ್ ಕಲ್ಲು ಹಾಕಿದರೆ ಹಳೆಯ ಕಲ್ಲಿನ ಪಕ್ಕದಲ್ಲಿ ಕೆಲವು ತಿಂಗಳಲ್ಲಿ ಅದೂ ಪಳಗುತ್ತದೆ. ಮೀನು ಬೇಕಿದ್ದರೆ ಮರಿ ಮಾಡಿಸಿದ ಕ್ಲೌನ್ ಮೀನನ್ನೇ ಕೇಳಿ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇದರ ತಂತ್ರವನ್ನು ಬಹಳ ಹಿಂದೆಯೇ ರೂಢಿಸಿದೆ.

ಮೊದಲ ಎರಡು ವಾರ

ಮೊದಲ ವಾರ ದಿನವೂ ಅಮೋನಿಯಾ, ನೈಟ್ರೈಟ್ ನೋಡಿ. ಅಮೋನಿಯಾ ಕಂಡರೆ ತಡಮಾಡದೆ ಕಾಲುಭಾಗ ನೀರು ಬದಲಿಸಿ. ಕಡಲ ನೀರಿನ ಹೆಚ್ಚಿನ ಪಿಎಚ್‌ನಲ್ಲಿ ಅದು ಇನ್ನೂ ವಿಷ. ಆಹಾರ ಅರ್ಧ, ದೀಪದ ಹೊತ್ತೂ ಕಡಿಮೆ ಇರಲಿ. ಬೇಸಿಗೆಯಲ್ಲಿ ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ನಮ್ಮ ಒಣ ಹವೆಯಲ್ಲಿ ಹಲವು ಡಿಗ್ರಿ ಇಳಿಯುತ್ತದೆ, ಮಂಗಳೂರಿನಲ್ಲಿ ಇಷ್ಟು ಫಲ ಸಿಗದು. ಆದರೆ ನೀರು ಬೇಗ ಆರುತ್ತದೆ, ಉಪ್ಪು ಉಳಿಯುತ್ತದೆ. ಆರಿದಷ್ಟನ್ನು ಉಪ್ಪಿಲ್ಲದ ಶುದ್ಧ ನೀರಿನಿಂದ ದಿನವೂ ತುಂಬಿಸಿ.

ಹಳೆಯ ತೊಟ್ಟಿಯನ್ನು ಈ ಎರಡು ವಾರ ಮಾರಬೇಡಿ, ಸೊರಗಿದ ಮೀನನ್ನು ಬೇರೆ ಇಡಲು ಬೇಕಾಗಬಹುದು. ಉಳಿದ ಉಪ್ಪುನೀರನ್ನು ಚರಂಡಿಗೆ ಬಿಡಿ. ಬೇವಿನ ಬುಡಕ್ಕೂ ತುಳಸಿ ಕಟ್ಟೆಗೂ ಸುರಿಯಬೇಡಿ.